ಮಿಸಿಸಿಪ್ಪಿ ಜಾನ್ ಹರ್ಟ್: ಇದು ಬ್ಲೂಸೇ ಅಲ್ಲ ಅಂತಾರೆ, ನಿಜವಾ?

ಆರುತಂತಿ:
ಎಲ್ಲರಿಗೂ ನಮಸ್ಕಾರ. ನನಗೆ 43 ವಯಸ್ಸು. ಗಿಟಾರ್ ಕಲಿಯೋಕೆ ಶುರು ಮಾಡಿ ಒಂದು ವರ್ಷ ಆಯ್ತು. ಮಕ್ಕಳು ನಗ್ತಾರೆ, ಪರವಾಗಿಲ್ಲ.

ಹೋದ ತಿಂಗಳು ರಾತ್ರಿ ನಿದ್ದೆ ಬಾರದೆ ಯೂಟ್ಯೂಬ್ ತಿರುಗಿಸ್ತಾ ಇದ್ದೆ. ಒಂದು ಹಳೆಯ ಕಪ್ಪು ಬಿಳುಪು ವಿಡಿಯೊ ಸಿಕ್ತು. ಹ್ಯಾಟ್ ಹಾಕಿದ ಒಬ್ಬ ಮುದುಕ, ಮುಖದ ತುಂಬ ಗೆರೆ, ಮಡಿಲಲ್ಲಿ ಗಿಟಾರ್. ಹಾಡ್ತಾನೋ ಮಾತಾಡ್ತಾನೋ ಗೊತ್ತಾಗಲ್ಲ, ಅಷ್ಟು ಮೆತ್ತಗಿನ ದನಿ. ಆದರೆ ಬೆರಳು ಮಾತ್ರ ಇಬ್ಬರು ನುಡಿಸಿದ ಹಾಗೆ. ಹೆಸರು ಮಿಸಿಸಿಪ್ಪಿ ಜಾನ್ ಹರ್ಟ್. ಅವತ್ತಿಂದ ದಿನಾ ಕೇಳ್ತಾ ಇದೀನಿ.

ಇದು ಬ್ಲೂಸ್, ಅಂದ್ರೆ ಅಮೆರಿಕದ ಕರಿಯರ ನೋವಿನ ಹಾಡು, ಅಂತ ನಮ್ಮ ಗಿಟಾರ್ ಮೇಷ್ಟ್ರಿಗೆ ತೋರಿಸಿದೆ. "ಇದು ಬ್ಲೂಸ್ ಅಲ್ಲ, ಜೋಗುಳ. ಬ್ಲೂಸ್ ಅಂದ್ರೆ ಎದೆ ಹರಿದು ಕೂಗಬೇಕು" ಅಂದುಬಿಟ್ಟರು. ಬೇಜಾರಾಯ್ತು. ತಿಳಿದವರು ಹೇಳಿ: ಯಾರಿವರು? 1928ರಲ್ಲಿ ರೆಕಾರ್ಡ್ ಮಾಡಿ ಮತ್ತೆ 1963ರವರೆಗೆ ಎಲ್ಲಿ ಹೋಗಿದ್ದರು? ಮತ್ತೆ, ಇದು ಬ್ಲೂಸಾ ಅಲ್ವಾ?

ಕಾಫಿಪುಡಿ:
ಹೆಸರಲ್ಲೇ ಹರ್ಟ್. ಆದ್ರೆ ಕೇಳಿದವರಿಗೆ ಯಾರಿಗೂ ಹರ್ಟ್ ಆಗಿಲ್ಲ, ನಿಮ್ಮ ಮೇಷ್ಟ್ರನ್ನ ಬಿಟ್ಟು.

ರೆಕಾರ್ಡ್‌ರಾಯರು:
ಬಹಳ ದಿನಕ್ಕೆ ಒಳ್ಳೆ ಪ್ರಶ್ನೆ ಬಂತು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಜಾನ್ ಸ್ಮಿತ್ ಹರ್ಟ್ ಹುಟ್ಟಿದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟಿಯೋಕ್‌ನಲ್ಲಿ. ಸಮಾಧಿ ಕಲ್ಲಿನ ಮೇಲೆ 1892 ಅಂತಿದೆ, ಬೇರೆ ಕಡೆ 1893 ಅಂತಾರೆ. ಬೆಳೆದದ್ದು ಪಕ್ಕದ ಅವಲಾನ್‌ನಲ್ಲಿ. ಅವಲಾನ್ ಅಂದ್ರೆ ದೊಡ್ಡ ಊರು ಅಂದುಕೋಬೇಡಿ. ಒಂದು ಅಂಗಡಿ, ನಾಲ್ಕು ಮನೆ, ಹೊಲ, ಅಷ್ಟೆ.

ಒಂಬತ್ತು ವರ್ಷಕ್ಕೇ ಗಿಟಾರ್ ಹಿಡಿದ. ಕಲಿತದ್ದು ಹೇಗೆ ಗೊತ್ತಾ? ಶಾಲೆಯ ಟೀಚರಮ್ಮನ ಹಿಂದೆ ಬಿದ್ದಿದ್ದ ಒಬ್ಬ ಗಿಟಾರ್ ಹೊಡೆಯೋನು ಇವರ ಮನೆಗೆ ಬಂದು ತಂಗುತ್ತಿದ್ದ. ಅವನು ಮಲಗಿದ ಮೇಲೆ ಈ ಹುಡುಗ ಮೆಲ್ಲಗೆ ಆ ಗಿಟಾರ್ ಎತ್ತಿಕೊಂಡು ನುಡಿಸೋನು. ಕೊನೆಗೆ ತಾಯಿ ಒಂದೂವರೆ ಡಾಲರ್ ಕೊಟ್ಟು ಒಂದು ಹಳೆ ಗಿಟಾರ್ ಕೊಡಿಸಿದಳು. ಅದಕ್ಕೆ 'ಬ್ಲ್ಯಾಕ್ ಆ್ಯನಿ' ಅಂತ ಹೆಸರು. ಕಲಿಸೋಕೆ ಯಾರೂ ಇರಲಿಲ್ಲ. ಹಾಡು ಹೇಗೆ ಕೇಳಿಸಬೇಕು ಅಂತ ತನಗೆ ಅನಿಸುತ್ತೋ ಹಾಗೇ ನುಡಿಸಿಕೊಂಡು ಹೋದ. ಆ ಮೆತ್ತಗಿನ ದನಿ ಕೂಡ ನನ್ನ ಪ್ರಕಾರ ಅಲ್ಲಿಂದಲೇ ಬಂದದ್ದು. ಮನೆಯವರು ಮಲಗಿರುವಾಗ ಕದ್ದು ನುಡಿಸೋನು ಜೋರಾಗಿ ಬಾರಿಸ್ತಾನಾ?

ಹಗಲು ಹೊಲದ ಕೆಲಸ. ಶನಿವಾರ ರಾತ್ರಿ ಕುಣಿತದ ಮನೆಗಳಲ್ಲಿ ಗಿಟಾರ್. ಆ ಕಡೆ ವಿಲ್ಲಿ ನಾರ್ಮರ್ ಅಂತ ಒಬ್ಬ ಬಿಳಿಯ ಪಿಟೀಲುಗಾರ ಇದ್ದ. ಅವನ ಜೊತೆಗಾರ ಬಾರದ ದಿನ ಹರ್ಟ್ ಕೂರುತ್ತಿದ್ದ. ಈ ನಾರ್ಮರ್‌ಗೆ ಓಕೆ ರೆಕಾರ್ಡ್ಸ್ ಕಂಪನಿಯ ಟಾಮಿ ರಾಕ್‌ವೆಲ್ ಪರಿಚಯ ಆದಾಗ, "ನಮ್ಮೂರಲ್ಲಿ ಇನ್ನೊಬ್ಬ ಇದ್ದಾನೆ ನೋಡಿ" ಅಂದ. ಹೀಗೆ 1928ರ ಫೆಬ್ರವರಿಯಲ್ಲಿ ಹರ್ಟ್ ಮೆಂಫಿಸ್‌ಗೆ ಹೋದ.

ಅಲ್ಲಿನ ಅನುಭವ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ದೊಡ್ಡ ಹಾಲು, ಒಳಗೆ ಮೂರೇ ಜನ: ಇವನು, ರಾಕ್‌ವೆಲ್, ಎಂಜಿನಿಯರ್. ಕುರ್ಚಿ ಮೇಲೆ ಕೂರಿಸಿ ಮೈಕನ್ನ ಬಾಯಿಗೇ ತಂದು ಇಟ್ಟು, ತಲೆ ಅಲ್ಲಾಡಿಸಬೇಡ ಅಂದರಂತೆ. ಹೆದರಿಕೆಗೆ ಹಾಗೇ ಕೂತು ಹಾಡಿ, ಎಷ್ಟೋ ದಿನ ಕತ್ತು ನೋವಂತೆ!

ಉಳಿದದ್ದು ಸಂಜೆ ಬರೀತೀನಿ. ಬ್ಯಾಂಕಿಗೆ ಹೋಗಬೇಕು.

ಹುಬ್ಬಳ್ಳಿಹುಡುಗ:
ನಾಲ್ಕು ದಾರಿ ಕೂಡೋ ಕಡೆ ರಾತ್ರಿ ಹೋಗಿ ಸೈತಾನನಿಗೆ ಆತ್ಮ ಮಾರಿದ್ದು ಇವನೇ ಅಲ್ವಾ?

ತಂತಿಗೋಪಿ:
ಅಲ್ಲ ಗುರು. ಅದು ರಾಬರ್ಟ್ ಜಾನ್ಸನ್ ಅನ್ನೋ ಇನ್ನೊಬ್ಬ ಬ್ಲೂಸ್ ಹಾಡುಗಾರ. ಅದೂ ಕಟ್ಟುಕಥೆ. ಬ್ಲೂಸ್ ಅಂದ ತಕ್ಷಣ ಸೈತಾನ ಬರಲೇಬೇಕಾ?

ಹುಬ್ಬಳ್ಳಿಹುಡುಗ:
ಸಿಟ್ಟಾಗಬ್ಯಾಡ್ರಿ, ಸುಮ್ನೆ ಕೇಳಿದೆ.

ತಂತಿಗೋಪಿ:
ಸಿಟ್ಟಲ್ಲ. ಜಾನ್ಸನ್ 27ಕ್ಕೇ ಸತ್ತ, 1938ರಲ್ಲಿ. ಅದೂ ಗ್ರೀನ್‌ವುಡ್ ಹತ್ತಿರ, ಅಂದ್ರೆ ಹರ್ಟ್ ಊರಿಂದ ಸ್ವಲ್ಪವೇ ದೂರ. 29 ಹಾಡು ಬಿಟ್ಟು ಹೋದ. ಚಿಕ್ಕ ವಯಸ್ಸಲ್ಲಿ ಸತ್ತವರಿಗೆ ಕಥೆ ಹುಟ್ಟುತ್ತೆ. ದನ ಕಾಯ್ಕೊಂಡು ಎಪ್ಪತ್ತು ದಾಟಿದವನಿಗೆ ಯಾವ ಸೈತಾನನ ಕಥೆ ಹೇಳ್ತೀರ?

ಶಾಂತಕ್ಕ:
ಚರ್ಚಿನ ಹಾಡೂ ಅಷ್ಟೇ ಪ್ರೀತಿಯಿಂದ ಹಾಡ್ತಿದ್ದರು ಇವರು. ಸೈತಾನ ಬಂದಿದ್ರೂ ಕೂರಿಸಿ ಊಟ ಹಾಕಿ ಕಳಿಸ್ತಿದ್ದರೇನೋ.

ರೆಕಾರ್ಡ್‌ರಾಯರು:
ಮುಂದುವರಿಸ್ತೀನಿ. ಮೆಂಫಿಸ್‌ನಲ್ಲಿ ಎಂಟು ಹಾಡು ಮುದ್ರಿಸಿ, ಎರಡನ್ನ ಒಂದು ಗ್ರಾಮಫೋನ್ ತಟ್ಟೆ ಮಾಡಿ ಬಿಟ್ಟರು. ಹೆಸರಿನ ಮುಂದೆ 'ಮಿಸಿಸಿಪ್ಪಿ' ಸೇರಿಸಿದ್ದು ಕಂಪನಿ, ಮಾರಾಟಕ್ಕೆ. ನಮ್ಮಲ್ಲಿ ಊರ ಹೆಸರು ಇನಿಷಿಯಲ್ ಆಗುತ್ತಲ್ಲ, ಅಲ್ಲಿ ಅದು ಜಾಹೀರಾತು.

ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಕರೆಸಿದರು. 21ಕ್ಕೆ ಒಂದು ಸಲ, 28ಕ್ಕೆ ಇನ್ನೊಂದು ಸಲ ರೆಕಾರ್ಡಿಂಗ್. ಕ್ರಿಸ್‌ಮಸ್ ಹೊತ್ತು. ಹೆಂಡತಿ ಮಕ್ಕಳು ಊರಲ್ಲಿ. ಆ ಚಳಿಯ ಊರಲ್ಲಿ ಕೂತು ಊರಿನ ನೆನಪಿಗೆ ಒಂದು ಹಾಡು ಕಟ್ಟಿದ: 'ಅವಲಾನ್ ಬ್ಲೂಸ್'. ಅವಲಾನ್ ನನ್ನೂರು, ಯಾವಾಗಲೂ ಮನಸ್ಸಲ್ಲೇ ಇರುತ್ತೆ ಅಂತ ಅದರಲ್ಲಿ ಬರುತ್ತೆ. ಈ ಸಾಲು ನೆನಪಿಟ್ಟುಕೊಳ್ಳಿ, ಇದೇ ಅವನ ವಿಳಾಸ ಆಗೋದು.

ಅಷ್ಟರಲ್ಲಿ ಷೇರು ಪೇಟೆ ಬಿತ್ತು, ಆರ್ಥಿಕ ಮುಗ್ಗಟ್ಟು ಬಂತು. ಹಳ್ಳಿಯ ಬಡವರು ರೆಕಾರ್ಡ್ ಕೊಳ್ಳೋದು ನಿಲ್ಲಿಸಿದರು. ಕಂಪನಿ ಮತ್ತೆ ಕರೆಯಲಿಲ್ಲ. 1928ರ ಹಾಡುಗಳಲ್ಲಿ ಇವತ್ತು ನಮಗೆ ಕೇಳೋಕೆ ಉಳಿದಿರೋದು 13. ಹರ್ಟ್ ಊರಿಗೆ ಬಂದು ಮತ್ತೆ ನೇಗಿಲು ಹಿಡಿದ. ಹೊಲ, ದನ, ರೈಲು ಹಳಿಗೆ ಮರದ ದಿಮ್ಮಿ ಕಡಿಯೋದು, ಸಿಕ್ಕಿದ ಕೆಲಸ.

1952ರಲ್ಲಿ ಹ್ಯಾರಿ ಸ್ಮಿತ್ ಅನ್ನೋ ವಿಚಿತ್ರ ಮನುಷ್ಯ ಹಳೆಯ ತಟ್ಟೆಗಳಿಂದ 84 ಹಾಡು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಸಂಗ್ರಹ ತಂದ. ಅದರಲ್ಲಿ ಹರ್ಟ್‌ನ ಎರಡು ಹಾಡು. ಪಟ್ಟಣದ ಹುಡುಗರು ತಲೆ ಕೆಡಿಸಿಕೊಂಡರು. ಹಾಡಿದವನು ಸತ್ತಿರಬೇಕು ಅಂತಲೇ ಎಲ್ಲರ ಎಣಿಕೆ. ಕೊನೆಗೆ ವಾಷಿಂಗ್ಟನ್‌ನ ಡಿಕ್ ಸ್ಪಾಟ್ಸ್‌ವುಡ್ ಅನ್ನೋ ಸಂಗ್ರಹಕಾರ ಆ ಊರಿನ ಹಾಡು ಕೇಳಿ, ಹಳೆಯ ಅಟ್ಲಾಸ್ ತೆಗೆದು ಅವಲಾನ್ ಹುಡುಕಿದ. ಹೊಸ ಭೂಪಟದಲ್ಲಿ ಆ ಊರೇ ಇರಲಿಲ್ಲ! ಅವನ ಗೆಳೆಯ ಟಾಮ್ ಹಾಸ್ಕಿನ್ಸ್ 1963ರಲ್ಲಿ ಕಾರು ಹತ್ತಿ ಹೋಗಿ ಊರಂಗಡಿಯಲ್ಲಿ ಕೇಳಿದರೆ, ಗುಡ್ಡದ ದಾರೀಲಿ ಮೂರನೇ ಟಪಾಲು ಡಬ್ಬಿ ಅಂದರಂತೆ.

35 ವರ್ಷ ಜಗತ್ತು ಹುಡುಕಿದ ಮನುಷ್ಯ ಮೂರನೇ ಡಬ್ಬಿ ಹತ್ತಿರ ಇದ್ದ.

ಮಲೆನಾಡಮಳೆ:
ರಾಯರೇ, ಚೆನ್ನಾಗಿ ಬರೆದಿದ್ದೀರ. ಆದರೆ ಆ ಕೊನೇ ಸಾಲಿಗೆ ನನ್ನ ತಕರಾರಿದೆ. ಯಾವ ಜಗತ್ತು ಹುಡುಕ್ತು? 1930ರಿಂದ 1950ರವರೆಗೆ ಒಂದು ನರಪಿಳ್ಳೆ ಹುಡುಕಲಿಲ್ಲ. ಎಲ್ಲಾ ಪುಸ್ತಕದಲ್ಲೂ 'ಮರುಶೋಧನೆ' ಅಂತ ಬರೀತಾರೆ, ನನಗೆ ಮೈ ಉರಿಯುತ್ತೆ. ಅವನು ಕಳೆದುಹೋಗಿದ್ದನಾ? ಊರಲ್ಲೇ ಇದ್ದ. ಶನಿವಾರ ನುಡಿಸ್ತಾ ಇದ್ದ. ಅವಲಾನ್ ಜನಕ್ಕೆ ಅವನು ಯಾವತ್ತೂ ಕಾಣೆಯಾಗಿರಲಿಲ್ಲ.

ರೆಕಾರ್ಡ್‌ರಾಯರು:
ಒಪ್ಪಿದೆ, ಒಪ್ಪಿದೆ. ಆದರೆ ಹಾಸ್ಕಿನ್ಸ್ ಹೋದಾಗ ಅವನ ಹತ್ತಿರ ಗಿಟಾರೇ ಇರಲಿಲ್ಲ. ಹಾಸ್ಕಿನ್ಸ್ ತನ್ನದನ್ನೇ ಕೊಟ್ಟು ನುಡಿಸಿದ್ದು. ಹಾಗಾಗಿ 'ಊರಲ್ಲಿ ಸುಖವಾಗಿ ನುಡಿಸ್ಕೊಂಡಿದ್ದ' ಅಂತ ನಾವೂ ಸಿಹಿ ಮಾಡಿ ಹೇಳಬಾರದು. ಬಡತನ ಬಡತನವೇ.

ಮಲೆನಾಡಮಳೆ:
ಅದು ಸರಿ. ಗಿಟಾರ್ ಇರಲಿಲ್ಲ ಅನ್ನೋದು ನಾನು ಮರೆತಿದ್ದೆ.

ಮೆಂಫಿಸ್_ಮಂಜು:
ನಾನು ಟೆನೆಸಿಯಲ್ಲಿ ಇರೋದು. ಊರು ಹಾಸನ ಕಡೆ. 2019ರಲ್ಲಿ ಅವಲಾನ್‌ಗೆ ಹೋಗಿ ಬಂದೆ, ಮೆಂಫಿಸ್‌ನಿಂದ ದಕ್ಷಿಣಕ್ಕೆ. ಪಶ್ಚಿಮಕ್ಕೆ ನೋಡಿದರೆ ಕೈ ಹಾಸಿದ ಹಾಗೆ ಬಯಲು, ಹತ್ತಿ ಹೊಲ. ಅದು ಡೆಲ್ಟಾ. ಪೂರ್ವಕ್ಕೆ ತಿರುಗಿದರೆ ಗುಡ್ಡ ಶುರು. ಅವಲಾನ್ ಸರಿಯಾಗಿ ಆ ಅಂಚಲ್ಲಿದೆ. ರಸ್ತೆ ಬದಿಯಲ್ಲಿ, ಬ್ಲೂಸ್ ತಾಣಗಳನ್ನ ಗುರುತಿಸೋ ಬ್ಲೂಸ್ ಟ್ರೇಲ್‌ನ ನೀಲಿ ಫಲಕ. ಹರ್ಟ್ ಇದ್ದ ಮರದ ಮನೆಯನ್ನ ಬೇರೆ ಕಡೆಗೆ ಸಾಗಿಸಿ, ಮೊಮ್ಮಗಳು ಮ್ಯೂಸಿಯಂ ಮಾಡಿದ್ದರು. ಮೂರು ಕೋಣೆ, ಒಂದರ ಹಿಂದೆ ಒಂದು. ನೆಲದ ಹಲಗೆ ಕಾಲಿಟ್ಟಲ್ಲೆಲ್ಲಾ ಕಿರ್ ಅಂತಿತ್ತು. ನನ್ನ ಮಗಳು ಆಗ ಆರು ವರ್ಷ, "ಇದು ನಮ್ಮ ಅಜ್ಜಿ ಮನೆ ಅಟ್ಟದ ಥರ ಇದೆ" ಅಂದಳು.

2024ರ ಫೆಬ್ರವರಿಯಲ್ಲಿ ಆ ಮನೆ ಸುಟ್ಟು ಬೂದಿಯಾಯ್ತು. ಸುದ್ದಿ ನೋಡಿ ಅವತ್ತು ಕೆಲಸ ಮಾಡೋಕೆ ಆಗಲಿಲ್ಲ.

ಶಾಂತಕ್ಕ:
ಅಯ್ಯೋ. ಇದು ಗೊತ್ತಿರಲಿಲ್ಲ ಮಂಜು. ಫೋಟೋ ಇದ್ರೆ ಜೋಪಾನ ಮಾಡಿಟ್ಟುಕೊಳ್ಳಪ್ಪ.

ಆರುತಂತಿ:
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಒಂದು ಅನುಮಾನ. ಹಾಸ್ಕಿನ್ಸ್ ಬಂದಾಗ ಹರ್ಟ್ ಹೆದರಿಕೊಂಡ ಅಂತ ಓದಿದೆ. ಯಾಕೆ? ಅಭಿಮಾನಿ ಬಂದ್ರೆ ಹೆದರೋದೇನು?

ಮೆಂಫಿಸ್_ಮಂಜು:
ಅದು 1963ರ ಮಿಸಿಸಿಪ್ಪಿ ಸ್ವಾಮಿ. ಕರಿಯನ ಮನೆ ಬಾಗಿಲಿಗೆ ಹೊರ ರಾಜ್ಯದ ಕಾರಲ್ಲಿ ಬಿಳಿ ಹುಡುಗ ಬಂದು ಹೆಸರು ಹಿಡಿದು ಕೇಳಿದರೆ ಯಾರಿಗೆ ಹೆದರಿಕೆ ಆಗಲ್ಲ? ಎಫ್‌ಬಿಐನವರೋ ಪೊಲೀಸರೋ ಅಂದುಕೊಂಡನಂತೆ. ಎಮ್ಮೆಟ್ ಟಿಲ್ ಅನ್ನೋ 14 ವರ್ಷದ ಕರಿಯ ಹುಡುಗನನ್ನ 1955ರಲ್ಲಿ ಎತ್ತಿಕೊಂಡು ಹೋಗಿ ಕೊಂದದ್ದು ಅಲ್ಲೇ ಪಕ್ಕದ ಜಿಲ್ಲೆಯಿಂದ. ಹಾಸ್ಕಿನ್ಸ್ ಬಂದು ಹೋದ ಕೆಲವೇ ತಿಂಗಳಿಗೆ, ಜೂನ್‌ನಲ್ಲಿ, ಜಾಕ್ಸನ್‌ನಲ್ಲಿ ಕರಿಯರ ಹಕ್ಕಿಗೆ ಹೋರಾಡ್ತಿದ್ದ ಮೆಡ್ಗರ್ ಎವರ್ಸ್‌ನನ್ನ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಅದಾಗಿ ಒಂದು ತಿಂಗಳಿಗೆ, ಜುಲೈನಲ್ಲಿ, ಹರ್ಟ್ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ ಮೇಲಿದ್ದ. ಬಿಳಿ ಹುಡುಗ ಹುಡುಗಿಯರು ಉಸಿರು ಬಿಗಿ ಹಿಡಿದು ಕೇಳ್ತಾ ಕೂತಿದ್ದರು. ಒಂದೇ ದೇಶ, ಒಂದೇ ಬೇಸಿಗೆ.

ಗಂಟಲುಗಾರ:
ಇಷ್ಟೆಲ್ಲಾ ಕಷ್ಟ ನೋಡಿದವನು ಅಷ್ಟು ಮೆತ್ತಗೆ ಹಾಡಿದ ಅಂದ್ರೆ ನನಗೆ ಒಪ್ಪೋಕೆ ಆಗಲ್ಲ. ಮಿಸಿಸಿಪ್ಪಿಯ ಇನ್ನೊಬ್ಬ ಹಾಡುಗಾರ ಸನ್ ಹೌಸ್‌ನ ಕೇಳಿ. ಕಣ್ಣು ಮುಚ್ಚಿ, ತಲೆ ಹಿಂದೆ ಎಸೆದು, ಲೋಹದ ಗಿಟಾರಿಗೆ ಬಾರಿಸ್ತಾನೆ. ಅದು ಬ್ಲೂಸ್. ಹರ್ಟ್ ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದರೆ ಆರುತಂತಿಯವರ ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿದೆ? ಬ್ಲೂಸಿನ ಹನ್ನೆರಡು ಬಾರ್, ಅಂದ್ರೆ ಹನ್ನೆರಡು ತಾಳದ ಆವರ್ತದ ಲೆಕ್ಕಕ್ಕೆ ಕೂರುವ ಹಾಡು ಅವನಲ್ಲಿ ಎಷ್ಟಿವೆ?

ತಂತಿಗೋಪಿ:
ಬಂದ್ರಪ್ಪ ಬ್ಲೂಸ್ ಪೊಲೀಸರು.

ಗಂಟಲುಗಾರ:
ಲೇವಡಿ ಬೇಡ, ಉತ್ತರ ಕೊಡಿ.

ತಂತಿಗೋಪಿ:
ಕೊಡ್ತೀನಿ. ಹರ್ಟ್‌ಗಿಂತ ಹಿರಿಯರು, ಅವನ ಓರಗೆಯವರು 'ನಾನು ಬ್ಲೂಸ್ ಮಾತ್ರ ಹಾಡ್ತೀನಿ' ಅಂತ ಕೂರಲಿಲ್ಲ. ಕುಣಿತಕ್ಕೆ ಕರೆದರೆ ಕುಣಿತದ ಹಾಡು, ಚರ್ಚಿಗೆ ಕರೆದರೆ ಭಕ್ತಿ, ಕೊಲೆ ಸುದ್ದಿಯ ಲಾವಣಿ, ಪೋಲಿ ಹಾಡು, ಬ್ಲೂಸ್, ಎಲ್ಲ ಗಂಟಲ್ಲಿತ್ತು. ಇಂಥವರಿಗೆ ಸಾಂಗ್‌ಸ್ಟರ್ ಅಂತಾರೆ. ಟೆಕ್ಸಾಸ್‌ನ ಮ್ಯಾನ್ಸ್ ಲಿಪ್ಸ್‌ಕೂಂಬ್ ಕೂಡ ಇದೇ ಜಾತಿ. ಕಂಪನಿಯವರು ಬಂದು ಕರಿಯರ ತಟ್ಟೆ, ಬಿಳಿಯರ ತಟ್ಟೆ ಅಂತ ಬೇರೆ ಬೇರೆ ಬುಟ್ಟಿ ಮಾಡಿದ ಮೇಲೆ ಕರಿಯ ಗಿಟಾರ್ ಹಿಡಿದರೆ ಬ್ಲೂಸ್ ಅನ್ನೋ ಲೆಕ್ಕ ಬಂತು. ಅವನು ನಾರ್ಮರ್ ಪಿಟೀಲಿಗೆ ಜೊತೆ ನುಡಿಸಿದವನು ಅನ್ನೋದು ಮರೀಬೇಡಿ. ಅಂದ ಮೇಲೆ ಹನ್ನೆರಡು ಬಾರ್ ಎಣಿಸ್ಕೊಂಡು 'ಇವನು ಒಳಗೆ, ಇವನು ಹೊರಗೆ' ಅನ್ನೋದು ಆಮೇಲೆ ಬಂದವರ ಚಾಳಿ.

ಇನ್ನು ಮೆತ್ತಗೆ ಅಂದ್ರೆ ನೋವಿಲ್ಲ ಅಂತ ಯಾರು ಹೇಳಿದ್ದು? 'ಸ್ಪೈಕ್ ಡ್ರೈವರ್ ಬ್ಲೂಸ್' ಕೇಳಿ. ಸುತ್ತಿಗೆ ಹೊಡೆದು ಹೊಡೆದು ಸತ್ತ ಜಾನ್ ಹೆನ್ರಿಯನ್ನ ಎಲ್ಲರೂ ವೀರ ಅಂತ ಹಾಡಿದರು. ಇವನ ಹಾಡಲ್ಲಿ ಕೂಲಿಯವನು ಸುತ್ತಿಗೆ ಕೆಳಗಿಟ್ಟು, ಸಾಹೇಬನಿಗೆ ಕೊಡು, ನಾನು ಹೋದೆ ಅಂತ ಹೇಳು ಅಂತ ನಡೆದುಬಿಡ್ತಾನೆ. ಈ ಸುತ್ತಿಗೆ ಜಾನ್ ಹೆನ್ರಿಯನ್ನ ಕೊಂದಿತು, ನನ್ನನ್ನ ಕೊಲ್ಲೋಕೆ ಬಿಡಲ್ಲ ಅಂತ. ಕೂಗಿ ಹೇಳಬೇಕಾ ಇದನ್ನ?

ಗಂಟಲುಗಾರ:
ಈ ಹಾಡಿನ ಅರ್ಥ ನಾನು ಹೀಗೆ ಯೋಚಿಸಿರಲಿಲ್ಲ. ಆದ್ರೂ ಸನ್ ಹೌಸ್ ಸನ್ ಹೌಸೇ.

ಶಾಂತಕ್ಕ:
ನಮ್ಮೂರಲ್ಲಿ ಏಕತಾರಿ ಹಿಡಿದು ತತ್ವಪದ ಹಾಡೋ ತಾತ ಒಬ್ಬರಿದ್ದರು. ಸಾವಿನ ಮನೇಲೂ ಹಾಡೋರು, ಜಾತ್ರೇಲೂ ಹಾಡೋರು. ನೀವು ಯಾವ ಪ್ರಕಾರ ಅಂತ ಯಾರೂ ಅವರನ್ನ ಕೇಳಲಿಲ್ಲ ಬಿಡಿ.

ಕಾಫಿಪುಡಿ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಇವರ ಒಂದು ಕಾಫಿ ಹಾಡಿದೆ, ನನ್ನ ಹೆಸರಿಗೆ ತಕ್ಕ ಹಾಗೆ. ಮ್ಯಾಕ್ಸ್‌ವೆಲ್ ಹೌಸ್ ಕಾಫಿಯ ಹೊಗಳಿಕೆಯಿಂದ ಶುರುವಾಗುತ್ತೆ. ಅದರಲ್ಲಿ ಬರೋ 'ಲವಿನ್ ಸ್ಪೂನ್‌ಫುಲ್' ಅನ್ನೋ ಮಾತನ್ನೇ ಎತ್ತಿಕೊಂಡು 1960ರ ದಶಕದ ನಡುವೆ ನ್ಯೂಯಾರ್ಕ್ ಹುಡುಗರು ತಮ್ಮ ಬ್ಯಾಂಡಿಗೆ ಹೆಸರಿಟ್ಟರು.

ಹುಬ್ಬಳ್ಳಿಹುಡುಗ:
ಒಂದು ಚಮಚ ಪುಡಿಗೆ ಏನು ಕಾಫಿ ಆಗ್ತದರಿ?

ಕಾಫಿಪುಡಿ:
ಅದು ಪುಡಿಯ ಚಮಚ ಅಲ್ಲ ಕಣಪ್ಪ. ದೊಡ್ಡವನಾದ ಮೇಲೆ ತಿಳಿಯುತ್ತೆ.

ಹುಬ್ಬಳ್ಳಿಹುಡುಗ:
ನನಗ 31 ವರ್ಷ ರೀ!

ಶಾಂತಕ್ಕ:
ಮಿಠಾಯಿ ಮಾರೋನ ಹಾಡನ್ನೂ ಮಕ್ಕಳ ಹಾಡು ಅಂತ ನಮ್ಮ ಅಕ್ಕನ ಮಗಳಿಗೆ ಕೇಳಿಸಿದ್ದೆ. ಆಮೇಲೆ ಸಾಲು ಓದಿ ನೋಡಿ ಬೆವೆತುಹೋದೆ. ಆ ಮುಖ ನೋಡಿದರೆ ಯಾರಾದ್ರೂ ಅನುಮಾನ ಪಡ್ತಾರಾ?

ಗಿಟಾರ್_ಗಿರಿ:
ನುಡಿಸೋದರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಆರುತಂತಿಯವರೇ, ನಿಮಗೆ ಬೇಕಾಗಿರೋದು ಅದು ತಾನೆ?

ಇಬ್ಬರು ನುಡಿಸಿದ ಹಾಗೆ ಅಂದಿರಲ್ಲ, ಗುಟ್ಟು ಹೆಬ್ಬೆರಳಲ್ಲಿದೆ. ಹೆಬ್ಬೆರಳು ಕೆಳದನಿಯ ತಂತಿಗಳ ಮೇಲೆ ಗಡಿಯಾರದ ಥರ ಹೋಗ್ತಾ ಇರುತ್ತೆ. ಸಿ ಕಾರ್ಡ್ ಹಿಡಿದರೆ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು. ಜಿ ಕಾರ್ಡ್ ಆದರೆ ಆರು, ನಾಲ್ಕು. ಭೂಮಿ ಬಿದ್ದರೂ ಇದು ನಿಲ್ಲಬಾರದು. ಮೇಲುದನಿಯ ತಂತಿಗಳಲ್ಲಿ ತೋರುಬೆರಳು, ನಡುಬೆರಳು ಹಾಡಿನ ರಾಗ ನುಡಿಸುತ್ತವೆ. ಕೆಲವು ಸ್ವರ ಹೆಬ್ಬೆರಳಿನ ಜೊತೆಗೇ ಬೀಳುತ್ತೆ, ಕೆಲವು ಎರಡು ಪೆಟ್ಟಿನ ನಡುವಿನ ಸಂದಿಯಲ್ಲಿ. ಆ ಸಂದಿಯಲ್ಲಿ ಬೀಳೋದೇ ಕುಣಿಸೋದು. ಉಂಗುರ ಬೆರಳು, ಕಿರುಬೆರಳು ಗಿಟಾರಿನ ಮೈ ಮೇಲೆ ಊರಿಕೊಂಡಿರುತ್ತವೆ. ನಖಿ ಗಿಖಿ ಏನೂ ಇಲ್ಲ, ಬರಿ ಬೆರಳು. ದನಿ ದುಂಡಗೆ ಬರೋದು ಅದಕ್ಕೇ.

ನಾನು ಕಲಿತ ದಾರಿ ಹೇಳ್ತೀನಿ. ಎರಡು ವಾರ ಬರೀ ಹೆಬ್ಬೆರಳು. ಟಿವಿ ನೋಡ್ತಾ, ಹೆಂಡತಿ ಜೊತೆ ಮಾತಾಡ್ತಾ. "ನನ್ನ ಮಾತು ಕೇಳ್ತಾ ಇದೀರಾ?" ಅಂತ ಅವಳು ಬೈದಾಗ ಉತ್ತರ ಕೊಟ್ಟರೂ ಹೆಬ್ಬೆರಳು ನಿಲ್ಲಲಿಲ್ಲ. ಅವತ್ತು ಗೊತ್ತಾಯ್ತು, ಬಂತು ಅಂತ. ಆಮೇಲೆ ಒಂದೊಂದೇ ಸ್ವರ ಸೇರಿಸಿದೆ.

ನೀವು ನೋಡಿದ ವಿಡಿಯೊ ಪೀಟ್ ಸೀಗರ್‌ನ ಟಿವಿ ಕಾರ್ಯಕ್ರಮದ್ದಿರಬೇಕು, 'ರೇನ್‌ಬೋ ಕ್ವೆಸ್ಟ್'. ಕಾಲು ವೇಗಕ್ಕೆ ಇಳಿಸಿ ಬಲಗೈ ಮಾತ್ರ ನೋಡಿ.

ಪಿಕ್‌ಪ್ರವೀಣ:
ಸ್ಪೇನ್‌ನ ಹೆಸರಾಂತ ಗಿಟಾರ್ ವಾದಕ ಸೆಗೋವಿಯಾ ಇವರ ರೆಕಾರ್ಡ್ ಕೇಳಿ "ಎರಡನೇ ಗಿಟಾರ್ ಯಾರದ್ದು?" ಅಂತ ಕೇಳಿದರಂತೆ ಗೊತ್ತಾ?

ಗಿಟಾರ್_ಗಿರಿ:
ಈ ಕಥೆಯನ್ನ ಜಗತ್ತಿನ ಪ್ರತಿ ಗಿಟಾರ್‌ಗಾರನ ತಲೆಗೂ ಕಟ್ಟಿದ್ದಾರೆ. ಕಥೆ ಅಂತ ಕೇಳಿ ಖುಷಿಪಡಿ, ಆಣೆ ಮಾಡಬೇಡಿ.

ಪಿಕ್‌ಪ್ರವೀಣ:
ಸರಿ, ಇದಾದರೂ ನಿಜ ತಾನೆ? ನಾಸಾ ಬಾಹ್ಯಾಕಾಶಕ್ಕೆ ಕಳಿಸಿದ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಇವರ ಹಾಡಿದೆ.

ರೆಕಾರ್ಡ್‌ರಾಯರು:
ಅಲ್ಲ ಪ್ರವೀಣ. ಅದು ಟೆಕ್ಸಾಸ್‌ನ ಬ್ಲೈಂಡ್ ವಿಲ್ಲಿ ಜಾನ್ಸನ್, 1927ರ ರೆಕಾರ್ಡಿಂಗ್. ಮಾತೇ ಇಲ್ಲ, ಬರೀ ಗುನುಗು ಮತ್ತು ಸ್ಲೈಡ್ ಗಿಟಾರ್. ಅದೇ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಹಾಡಿದ್ದಾರೆ. ಮತ್ತೆ 55 ಭಾಷೆಯ ಶುಭಾಶಯಗಳಲ್ಲಿ ನಮ್ಮ ಕನ್ನಡವೂ ಒಂದು, ಕನ್ನಡಿಗರ ಪರವಾಗಿ.

ಹುಬ್ಬಳ್ಳಿಹುಡುಗ:
ಏನಂದ್ರಿ? ಕನ್ನಡ ಅದ ಆಕಾಶದಾಗ? 1977ರಿಂದ?

ಕಾಫಿಪುಡಿ:
ಹೋಯ್ತು, ಇನ್ನು ಈ ಚರ್ಚೆ ಸೌರಮಂಡಲ ದಾಟಿತು.

ಲೆಕ್ಕದಲೋಕೇಶ:
ಭೂಮಿಗೆ ಬನ್ನಿ. ದುಡ್ಡಿನ ವಿಷಯ ಯಾರೂ ಮಾತಾಡ್ತಿಲ್ಲ. 1963ರ ನಂತರ ಅವರಿಗೆ ಏನಾದ್ರೂ ಸಿಕ್ತಾ, ಅಥವಾ ಹುಡುಕಿದವರೇ ತಿಂದರಾ?

ರೆಕಾರ್ಡ್‌ರಾಯರು:
ಎರಡೂ ಸ್ವಲ್ಪ ಸ್ವಲ್ಪ. ಹೆಂಡತಿ ಜೆಸ್ಸಿ ಮತ್ತು ಮೊಮ್ಮಕ್ಕಳ ಜೊತೆ ವಾಷಿಂಗ್ಟನ್‌ಗೆ ಬಂದ. ಕಾಫಿ ಹೌಸ್, ಕಾಲೇಜು, ಕಛೇರಿ ಹಾಲು ಎಲ್ಲಾ ಕಡೆ ನುಡಿಸಿದ. ಟಿವಿಯಲ್ಲಿ ಜಾನಿ ಕಾರ್ಸನ್‌ನ ಟುನೈಟ್ ಶೋನಲ್ಲೂ ಬಂದ. ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹಾಡು ಮುದ್ರಿಸಿದರು. ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ಆಲ್ಬಂ ತಂದಿತು. ಹೊಲದ ಕೂಲಿಗಿಂತ ಎಷ್ಟೋ ಪಾಲು ಜಾಸ್ತಿ ದುಡಿಮೆ ಅದು. ಆದರೆ ಒಪ್ಪಂದದ ಜಗಳ ಕೋರ್ಟು ಹತ್ತಿತು, ಅವನು ಸತ್ತ ಮೇಲೂ ಮುಗಿಯಲಿಲ್ಲ.

ನನಗೆ ಇಷ್ಟವಾದ ಒಂದು ಸಂಗತಿ. ಗಿಟಾರ್ ಇಲ್ಲದ ಈ ಮನುಷ್ಯನಿಗೆ ನ್ಯೂಪೋರ್ಟ್‌ನವರು "ಯಾವುದು ಬೇಕೋ ಆರಿಸ್ಕೋ, ನಾವು ಕೊಡಿಸ್ತೀವಿ" ಅಂದರು. ನ್ಯೂಯಾರ್ಕ್ ಅಂಗಡಿಯಲ್ಲಿ ದುಬಾರಿ ಗಿಟಾರುಗಳ ಸಾಲೇ ಇತ್ತು. ಅವನು ಆರಿಸಿದ್ದು ಒಂದು ಸಾದಾ ಗಿಲ್ಡ್ ಎಫ್-30.

ಲೆಕ್ಕದಲೋಕೇಶ:
ನಾನಾಗಿದ್ರೆ ಅತಿ ದುಬಾರಿದನ್ನೇ ಎತ್ತಿಕೊಂಡು ಬರ್ತಿದ್ದೆ.

ಮಲೆನಾಡಮಳೆ:
ಒಂದು ಮಾತು. ರಾಯರೇ, ನೀವು ಉದ್ದಕ್ಕೂ 'ಬಂದ, ಹೋದ' ಅಂತಲೇ ಬರೀತಿದ್ದೀರ. ಸೆಗೋವಿಯಾ ಆದ್ರೆ 'ಕೇಳಿದರಂತೆ', ಕೇಸರ್‌ಬಾಯಿ 'ಹಾಡಿದ್ದಾರೆ', ಹರ್ಟ್ ಮಾತ್ರ 'ಸತ್ತ'?

ರೆಕಾರ್ಡ್‌ರಾಯರು:
ಅಯ್ಯೋ ಮಾರಾಯ್ರೆ, ಅದು ಸಲುಗೆ. ರಾಜಣ್ಣ ಬಂದ ಅನ್ನಲ್ವಾ ನಾವು? ನೀವೇ ಮೇಲೆ "ಅವನು ಕಳೆದುಹೋಗಿದ್ದನಾ" ಅಂತ ಬರೆದಿದ್ದೀರ, ನೋಡ್ಕೊಳ್ಳಿ.

ಮಲೆನಾಡಮಳೆ:
ನೋಡಿದೆ. ತಪ್ಪಾಯ್ತು. ಶಾಂತಕ್ಕ ಒಬ್ಬರೇ ಸರಿಯಾಗಿ ಬರೆದಿರೋದು.

ತಂತಿಗೋಪಿ:
ಅಂದ ಹಾಗೆ ಹರ್ಟ್ ಒಬ್ಬರೇ ಅಲ್ಲ ಹಾಡಿನ ವಿಳಾಸದಿಂದ ಸಿಕ್ಕಿದ್ದು. ಬುಕ್ಕಾ ವೈಟ್ ಅಂತ ಇನ್ನೊಬ್ಬರು, ಅಬರ್ಡೀನ್ ಊರಿನ ಮೇಲೆ ಹಾಡು ಮಾಡಿದ್ದರು. ಅದೇ 1963ರಲ್ಲಿ ಜಾನ್ ಫೇಹಿ ಮತ್ತು ಎಡ್ ಡೆನ್ಸನ್ 'ಬುಕ್ಕಾ ವೈಟ್, ಹಳೇ ಬ್ಲೂಸ್ ಹಾಡುಗಾರ, ಅಬರ್ಡೀನ್, ಮಿಸಿಸಿಪ್ಪಿ' ಅಂತ ಬರೆದು ಅಂಚೆಗೆ ಹಾಕಿದರು. ಅವರು ಅಷ್ಟರಲ್ಲಿ ಮೆಂಫಿಸ್‌ಗೆ ಹೋಗಿದ್ದರು. ಆದ್ರೂ ಕಾಗದ ತಲುಪಿತು. ಮುಂದಿನ ವರ್ಷ ಇನ್ನೊಬ್ಬ ಹಳೇ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ ಆಸ್ಪತ್ರೆಯ ಹಾಸಿಗೆ ಮೇಲೆ ಸಿಕ್ಕರು. ಗಂಟಲುಗಾರರ ಸನ್ ಹೌಸ್‌ನ ಮಿಸಿಸಿಪ್ಪಿಯೆಲ್ಲಾ ಜಾಲಾಡಿದರೆ, ಅವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದರು!

ಗಂಟಲುಗಾರ:
ಇಷ್ಟೊತ್ತಿಗೆ ನಮ್ಮವರ ಹೆಸರು ಬಂತು. ಧನ್ಯವಾದ.

ಲೆಕ್ಕದಲೋಕೇಶ:
ವಿಳಾಸ ಅರ್ಧಂಬರ್ಧ ಇದ್ದರೂ ತಲುಪಿಸಿದರಲ್ಲ. ನಮ್ಮ ಕೊರಿಯರ್ ಹುಡುಗನಿಗೆ ಲೊಕೇಶನ್ ಕಳಿಸಿದ್ರೂ ಮನೆ ಸಿಗಲ್ಲ.

ಮೆಂಫಿಸ್_ಮಂಜು:
ಕೊನೆಯ ದಿನಗಳ ಬಗ್ಗೆ ಯಾರೂ ಬರೆಯಲಿಲ್ಲ ಅಂತ ಸೇರಿಸ್ತೀನಿ. ಕಡೆಗೆ ಅವರು ಮಿಸಿಸಿಪ್ಪಿಗೇ ವಾಪಸ್ ಬಂದರು, ಗ್ರೆನಾಡಾಗೆ. 1966ರ ನವೆಂಬರ್ 2ರಂದು ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಹೊರಗಿನ ಜನಕ್ಕೆ ಅವರು ಸಿಕ್ಕಿದ್ದು ಮೂರೂವರೆ ವರ್ಷ ಅಷ್ಟೆ. ಸಮಾಧಿ ಅವಲಾನ್ ಹತ್ತಿರದ ಕಾಡಲ್ಲಿದೆ. ನಾನು ಹೋದಾಗ ಕಲ್ಲಿನ ಮೇಲೆ ಯಾರೋ ಗಿಟಾರ್ ಪಿಕ್ಕು, ಚಿಲ್ಲರೆ ಕಾಸು ಇಟ್ಟು ಹೋಗಿದ್ದರು.

ಗಿಟಾರ್_ಗಿರಿ:
ಪಿಕ್ಕಾ? ಬರಿಗೈಲಿ ನುಡಿಸಿದವರಿಗೆ?

ಮೆಂಫಿಸ್_ಮಂಜು:
ಹೌದು ಸಾರ್, ನನಗೂ ಹಾಗೇ ಅನಿಸ್ತು. ನಾನು ಕಾಫಿ ಪುಡಿಯ ಒಂದು ಚಿಕ್ಕ ಪೊಟ್ಟಣ ಇಟ್ಟು ಬಂದೆ.

ಆರುತಂತಿ:
ಮೂರು ವಾರ ಆದ ಮೇಲೆ ಬರೀತಾ ಇದೀನಿ. ಗಿರಿ ಸಾರ್ ಹೇಳಿದ ಹಾಗೆ ಬರೀ ಹೆಬ್ಬೆರಳು ಮಾಡಿದೆ. ಈಗ ನಿಲ್ಲಲ್ಲ, ಆದರೆ ನಾನು ಬಾಯಿ ತೆರೆದ ತಕ್ಷಣ ತಪ್ಪುತ್ತೆ. 'ಲೂಯಿಸ್ ಕಾಲಿನ್ಸ್' ಕಲೀತಾ ಇದೀನಿ. ಊರ ಜನ ಆಡಿಕೊಂಡ ಒಂದು ಕೊಲೆಯ ಸುದ್ದಿ ಕೇಳಿ ಅವರು ಕಟ್ಟಿದ್ದು. ಅಷ್ಟು ಹಗುರ ರಾಗ, ಹಾಡು ಮಾತ್ರ ತಾಯಿ ಅಳೋದರಿಂದ ಶುರು.

ಮೇಷ್ಟ್ರಿಗೆ ನಿಮ್ಮ ಮಾತೆಲ್ಲಾ ಹೇಳಿದೆ. "ನೋಡೋಣ" ಅಂದರು. ಹೋದ ವಾರ ಅವರೇ ಆ ಸುತ್ತಿಗೆ ಹಾಡು ನುಡಿಸ್ತಾ ಕೂತಿದ್ದರು, ನಾನು ಬಂದದ್ದು ನೋಡಿ ನಿಲ್ಲಿಸಿದರು.

ನಿನ್ನೆ ರಾತ್ರಿ ಅಮ್ಮನಿಗೆ ಫೋನಿನ ಸ್ಪೀಕರ್ ಹಾಕಿ ನುಡಿಸಿದೆ. ಮುಗಿದ ಮೇಲೆ "ಚೆನ್ನಾಗಿದೆ ಕಣೋ, ಮಗು ಮಲಗಿಸೋ ಹಾಡಾ?" ಅಂದರು. ಇಲ್ಲಮ್ಮ, ಒಬ್ಬ ಹುಡುಗನ್ನ ಗುಂಡಿಟ್ಟು ಕೊಂದ ಹಾಡು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಾಪ, ಯಾರ ಮಗನಂತೆ?"

ಗಿಟಾರ್_ಗಿರಿ:
ಹಾಡುವಾಗ ತಪ್ಪಿದರೆ ಮೊದಲು ಮಾತು ಬಿಟ್ಟು ಬರೀ ಗುನುಗಿ. ಕಾರ್ಡ್ ಬದಲಾಗೋ ಕಡೆ ತಪ್ಪುತ್ತೋ, ಉದ್ದಕ್ಕೂ ತಪ್ಪುತ್ತೋ?

ಆರುತಂತಿ:
ಎಫ್ ಬರೋ ಕಡೆ, ಪ್ರತಿ ಸಲ.